ನಮಸ್ಕಾರದಲ್ಲೂ ಎತ್ತಿದ ಕೈ

ಕೊರಟಗೆರೆಯಿಂದ ಮಧುಗಿರಿ ಕಡೆಗೆ ಹೊರಟ ಲಗೇಜ್ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತವರಿಗೆ ಒಂದು ಸಂಗತಿ ಬೇಗನೆ ಕಣ್ಣಿಗೆ ಬೀಳುತ್ತದೆ. ಎದುರಿನಿಂದ ಇನ್ನೊಂದು ಪಿಕಪ್ ಬಂದರೆ ಡ್ರೈವರನ ಕೈ ಸ್ಟಿಯರಿಂಗ್ ಬಿಟ್ಟು ಒಂದು ಗೇಣು ಮೇಲೇಳುತ್ತದೆ. ಎದುರಿನವನದೂ ಅಷ್ಟೇ. ಕೆಲವೊಮ್ಮೆ ಕೈ ಏಳುವುದೂ ಇಲ್ಲ, ಸ್ಟಿಯರಿಂಗ್ ಹಿಡಿದಿದ್ದ ಬೆರಳುಗಳು ಮಾತ್ರ ಬಿಚ್ಚಿಕೊಳ್ಳುತ್ತವೆ. ಅರೆಕ್ಷಣದ ವ್ಯವಹಾರ. ಆ ಡ್ರೈವರ್ ಯಾರೆಂದು ವಿಚಾರಿಸಿದರೆ ಹೆಸರು ಗೊತ್ತಿರುವುದಿಲ್ಲ, ಊರೂ ಗೊತ್ತಿರುವುದಿಲ್ಲ. ‘ನಮ್ಮ ಲೈನಿನವರು’ ಎಂಬುದಷ್ಟೇ ಪರಿಚಯ. ಹಿಂದೆಯೇ ಬಂದ ಕಾರಿಗೆ ಈ ಮರ್ಯಾದೆ ಇಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಒಳರಸ್ತೆಗಳಲ್ಲಿ ಈ ಕೈ ಎತ್ತುವ ಪದ್ಧತಿ ಬರೀ ಸ್ನೇಹದಿಂದ ಹುಟ್ಟಿದ್ದಲ್ಲ. ಅದರ ಮೂಲ ರಸ್ತೆಯ ಅಗಲದಲ್ಲಿದೆ. ಒಂದೇ ಪಥದ ರಸ್ತೆಗೆ ಇಂಜಿನಿಯರುಗಳು ಇಟ್ಟಿರುವ ಡಾಂಬರಿನ ಅಗಲ 3.75 ಮೀಟರ್. ಒಂದು ಬೊಲೆರೊ ಪಿಕಪ್ಪಿನ ಅಗಲ ಸುಮಾರು 1.7 ಮೀಟರ್. ಎರಡು ಗಾಡಿಗಳು ಎದುರುಬದುರಾದರೆ ನಡುವೆ, ಆಚೆ, ಈಚೆ ಎಲ್ಲ ಸೇರಿಸಿದರೂ ಒಂದು ಮೊಳ ಜಾಗ ಉಳಿಯುವುದಿಲ್ಲ. ಯಾರಾದರೊಬ್ಬರು ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಲೇಬೇಕು. ಡಾಂಬರಿನ ಅಂಚು ಕಿತ್ತುಹೋಗಿದ್ದರೆ, ಗಾಡಿಯ ತುಂಬ ಹುಣಸೆಹಣ್ಣಿನ ಮೂಟೆಯೋ ಟೊಮೆಟೊ ಕ್ರೇಟುಗಳೋ ಇದ್ದರೆ, ಹಾಗೆ ಇಳಿಸುವುದು ಸಣ್ಣ ಕೆಲಸವಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಈ ಭಾಗದ ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುವುದರಿಂದ ಇರುವ ದಾರಿಯಲ್ಲೂ ಅರ್ಧ ಕಳೆದುಹೋಗುತ್ತದೆ. ಆಗ ‘ಸೈಡ್’ ಕೊಟ್ಟವನಿಗೆ ಒಂದು ಕೈ ಎತ್ತುವುದು ಕೃತಜ್ಞತೆ. ನಾಳೆ ಇದೇ ರಸ್ತೆಯಲ್ಲಿ ಅವನೇ ಎದುರಾದರೆ ತಾನೂ ಇಳಿಸುತ್ತೇನೆ ಎಂಬ ಒಪ್ಪಂದವೂ ಹೌದು. ಕೈ ಎತ್ತದೆ ಹೋದವನನ್ನು ಡ್ರೈವರುಗಳು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಎತ್ತಿನಗಾಡಿಯ ಕಾಲದಲ್ಲೂ ಇದೇ ಲೆಕ್ಕವಿತ್ತು. ಕಿರಿದಾದ ಬಂಡಿಜಾಡಿನಲ್ಲಿ ಹೇರು ತುಂಬಿದ ಗಾಡಿಗೆ ಖಾಲಿ ಗಾಡಿ ದಾರಿ ಬಿಡಬೇಕು. ಮೋಟಾರು ವಾಹನದ ಕಾನೂನು ಇಂಥದೇ ಒಂದು ವಿವೇಕವನ್ನು ಬರೆದಿಟ್ಟಿದೆ: ಅಗಲ ಸಾಲದ ಕಡಿದಾದ ರಸ್ತೆಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಕೊಡಬೇಕು. ದೂರದ ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲೂ ಒಂದೇ ಗಾಡಿ ಹಿಡಿಯುವಷ್ಟು ಕಿರಿದಾದ ರಸ್ತೆಗಳಿವೆ. ಅಲ್ಲಲ್ಲಿ ಪಕ್ಕಕ್ಕೆ ನಿಲ್ಲಲು ಜಾಗ ಮಾಡಿರುತ್ತಾರೆ, ನಿಂತವರಿಗೆ ಹಾದುಹೋಗುವವರು ಕೈ ಎತ್ತುತ್ತಾರೆ. ಆಸ್ಟ್ರೇಲಿಯಾದ ಒಳನಾಡಿನ ನಿರ್ಜನ ರಸ್ತೆಗಳಲ್ಲಂತೂ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತಿದರೆ ಸಾಕು, ಅದೇ ನಮಸ್ಕಾರ.

ಕೈಭಾಷೆ ಕಾನೂನಿಗೂ ಹೊಸದಲ್ಲ. 1989ರ ರಸ್ತೆ ನಿಯಮಗಳು ಚಾಲಕನ ಬಲಗೈಗೆ ಒಂದು ಪುಟ್ಟ ವರ್ಣಮಾಲೆಯನ್ನೇ ಕೊಟ್ಟಿದ್ದವು. ಅಂಗೈ ಕೆಳಮುಖ ಮಾಡಿ ಮೇಲೆ ಕೆಳಗೆ ಆಡಿಸಿದರೆ ವೇಗ ತಗ್ಗಿಸುತ್ತಿದ್ದಾನೆ. ಮುಂಗೈಯನ್ನು ನೆಟ್ಟಗೆ ಎತ್ತಿದರೆ ನಿಲ್ಲಿಸುತ್ತಿದ್ದಾನೆ. ಅಡ್ಡ ಚಾಚಿದರೆ ಬಲಕ್ಕೆ ತಿರುಗುತ್ತಾನೆ, ಚಾಚಿ ಸುತ್ತಿಸಿದರೆ ಎಡಕ್ಕೆ. ಹಿಂದಿನವನಿಗೆ ಮುಂದೆ ಹೋಗಲು ಹೇಳುವುದಾದರೆ ಚಾಚಿದ ಕೈಯನ್ನು ಹಿಂದಿನಿಂದ ಮುಂದಕ್ಕೆ ಬೀಸಬೇಕು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದವು. ಇಂಡಿಕೇಟರ್ ದೀಪಗಳು ಬಂದು ಈ ಕೈಗಳೆಲ್ಲ ಎಲ್‌ಎಲ್‌ಆರ್ ಪರೀಕ್ಷೆಯ ಪ್ರಶ್ನೆಗಳಾಗಿ ಉಳಿದವು. ಆದರೆ ದೀಪ ಸುಳ್ಳು ಹೇಳಬಲ್ಲದು. ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿದರೆ ಕೆಲವರಿಗೆ ‘ಬರಬೇಡ’ ಎಂದರ್ಥ, ಕೆಲವರಿಗೆ ‘ಹೋಗು’ ಎಂದರ್ಥ, ಕಾನೂನಿನ ಪ್ರಕಾರ ಅದು ಬಲಕ್ಕೆ ತಿರುಗುತ್ತಿದೆ. ಹೆಡ್‌ಲೈಟ್ ಮಿಂಚಿಸುವುದೂ ಹಾಗೆಯೇ. ನಮ್ಮಲ್ಲಿ ಅದಕ್ಕೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂಬ ಅರ್ಥವಿದ್ದರೆ, ಇಂಗ್ಲೆಂಡಿನಲ್ಲಿ ಎಷ್ಟೋ ಜನ ‘ನೀವು ಮೊದಲು ಹೋಗಿ’ ಎನ್ನಲು ಅದನ್ನೇ ಬಳಸುತ್ತಾರೆ. ಕಿಟಕಿಯಿಂದ ಹೊರಗೆ ಬಂದ ಕೈಗೆ ಇಂಥ ಗೊಂದಲ ಕಡಿಮೆ.

ಈ ಕೈಗಳ ಒಡೆಯರು ಯಾರು? 1986ರಲ್ಲಿ ಟಾಟಾ 407 ಬಂದಾಗ ಸಣ್ಣ ಊರುಗಳ ಸರಕು ಸಾಗಣೆ ಬದಲಾಯಿತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಅದು ಹಳ್ಳಿಯ ಹಟ್ಟಿಯ ಮುಂದಕ್ಕೇ ಬಂತು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಡಿ ಪರ್ಮಿಟ್ಟಿನ ತಾಪತ್ರಯವಿಲ್ಲ. ಕಾರಿನ ಲೈಸೆನ್ಸ್ ಇದ್ದವರು 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಮಳೆ ನಂಬಿ ಕೆಟ್ಟ ಮನೆಯ ಹುಡುಗ ಸಾಲ ಮಾಡಿ ಗಾಡಿ ತಂದು ತಾನೇ ಮಾಲೀಕ, ತಾನೇ ಡ್ರೈವರ್, ತಾನೇ ಕ್ಲೀನರ್ ಆಗುವುದು ಸಾಧ್ಯವಾಯಿತು. ತರಕಾರಿಯನ್ನು ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ, ಕುರಿಗಳನ್ನು ಅಕ್ಕಿರಾಂಪುರದ ಸಂತೆಗೆ, ಕಡಲೆಕಾಯಿಯನ್ನು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಸಾಗಿಸುವವರು ಇಂಥವರೇ.

ಇವರು ಒಬ್ಬರಿಗೊಬ್ಬರು ಪೈಪೋಟಿಗಾರರು ಎಂಬುದನ್ನು ಮರೆಯಬಾರದು. ಸ್ಟ್ಯಾಂಡಿನಲ್ಲಿ ಸರದಿ ಮುರಿದು ಬಾಡಿಗೆ ಹಿಡಿದರೆ ಜಗಳವೇ. ನೂರು ರೂಪಾಯಿ ಕಡಿಮೆಗೆ ಒಪ್ಪಿಕೊಂಡು ಹೋದವನ ಜೊತೆ ವಾರಗಟ್ಟಲೆ ಮಾತು ಬಿಡುವವರಿದ್ದಾರೆ. ಮಾತು ಬಿಟ್ಟವನ ಗಾಡಿ ರಾತ್ರಿ ಪಂಕ್ಚರ್ ಆಗಿ ನಿಂತಿದ್ದರೆ ಮಾತ್ರ ಜಾಕಿ ಕೊಡದೆ ಹೋಗುವಂತಿಲ್ಲ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ, ಬೂದಗುಂಬಳ ಒಡೆದು, ಸಾಲಾಗಿ ನಿಲ್ಲಿಸಿದ ಗಾಡಿಗಳಲ್ಲಿ ಆ ಎರಡೂ ಗಾಡಿಗಳಿರುತ್ತವೆ.

ಈ ನಂಟಿನ ಬೆಲೆ ಗೊತ್ತಾಗುವುದು ಪಾವಗಡದ ದಾರಿಯಲ್ಲಿ. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ಮೂರು ಕಡೆ ಆಂಧ್ರ, ಇನ್ನೊಂದು ಕಡೆ ಚಿತ್ರದುರ್ಗ ಜಿಲ್ಲೆ. ಮಧುಗಿರಿಯಿಂದ ಮಿಡಿಗೇಶಿ ದಾಟಿ ಪಾವಗಡಕ್ಕೆ ಹೋಗುವವರು ನಡುವೆ ಆಂಧ್ರದ ಮಡಕಶಿರಾ ತಾಲ್ಲೂಕಿಗೆ ಕಾಲಿಟ್ಟೇ ಹೋಗಬೇಕು. 2022ರವರೆಗೆ ಅದು ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಬಿಸಿಲು ಕಾಯುವ ಬಯಲು, ದೂರ ದೂರ ಊರುಗಳು, ಸಂಜೆಯ ನಂತರ ಮೆಕ್ಯಾನಿಕ್ ಸಿಗುವುದು ಕಷ್ಟ. ಕೆಟ್ಟು ನಿಂತ ಗಾಡಿಯ ಹಿಂದೆ ಕಲ್ಲು, ಹಸಿರು ಸೊಪ್ಪು ಇಟ್ಟಿದ್ದರೆ ಬರುವವನು ವೇಗ ತಗ್ಗಿಸುತ್ತಾನೆ. ಅವನು ಕನ್ನಡದವನೋ ತೆಲುಗಿನವನೋ ಎಂಬುದು ಬೇಕಿಲ್ಲ. ಹೇಗೂ ಪಾವಗಡದಲ್ಲಿ ಎರಡೂ ನಡೆಯುತ್ತವೆ.

ಇದೇ ಸ್ನೇಹಕ್ಕೆ ಇನ್ನೊಂದು ಮುಖವೂ ಉಂಟು. ಎದುರು ಬಂದವನು ಎರಡು ಸಲ ಲೈಟ್ ಮಿಂಚಿಸಿ ಕೈಯನ್ನು ಕೆಳಕ್ಕೆ ಒತ್ತಿ ತೋರಿಸಿದರೆ ಮುಂದೆ ಚೆಕಿಂಗ್ ಇದೆ ಎಂದು ತಿಳಿಯಬೇಕು. ಹೆಚ್ಚು ಹೇರಿದ ಗಾಡಿ, ಹಿಂದುಗಡೆ ಕೂಲಿಯವರನ್ನೋ ಮದುವೆ ದಿಬ್ಬಣವನ್ನೋ ತುಂಬಿಕೊಂಡ ಗಾಡಿ ಅಲ್ಲೇ ಅಡ್ಡದಾರಿಗೆ ತಿರುಗುತ್ತದೆ. ದಂಡ ಉಳಿಯಿತು ನಿಜ, ಅಪಾಯ ಗಾಡಿಯಲ್ಲೇ ಉಳಿಯಿತು. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ ಉರುಳಿ ವಿದ್ಯಾರ್ಥಿಗಳೂ ಸೇರಿ ಹಲವರು ಸತ್ತರು. ಮಿತಿಮೀರಿ ತುಂಬಿದ ಗಾಡಿಯನ್ನು ದಾಟಿಸಿ ಕಳಿಸುವ ಕೈಯನ್ನು ಗೆಳೆತನವೆಂದು ಕರೆಯುವುದು ಕಷ್ಟ.

ಶಿರಾ ಹತ್ತಿರ ರಾಷ್ಟ್ರೀಯ ಹೆದ್ದಾರಿ 48 ಸೇರಿದ ಕೂಡಲೇ ಕೈ ಎತ್ತುವುದು ನಿಂತುಹೋಗುತ್ತದೆ. ಹಿಂದೆ ಇದೇ ಹೆದ್ದಾರಿ 4, ಬೆಂಗಳೂರು–ಪುಣೆ ರಸ್ತೆ. ಎರಡು ಪಥವಿದ್ದ ಕಾಲದಲ್ಲಿ ಪ್ರತಿ ಲಾರಿಯೂ ಮುಖ ನೋಡಿಕೊಂಡೇ ದಾಟಬೇಕಿತ್ತು. 1990ರ ಸೆಪ್ಟೆಂಬರ್ 30ರಂದು ನಟ ಶಂಕರನಾಗ್ ಅವರ ಕಾರು ದಾವಣಗೆರೆ ಸಮೀಪದ ಆನಗೋಡು ಬಳಿ ಲಾರಿಗೆ ಡಿಕ್ಕಿಯಾದದ್ದೂ ಇದೇ ರಸ್ತೆಯಲ್ಲಿ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಡುವೆ ವಿಭಜಕ ಬಂತು. ಎದುರು ಬರುವವನು ಈಗ ಗಿಡಗಳ ಆಚೆ ಇದ್ದಾನೆ. ಅವನಿಗೆ ದಾರಿ ಬಿಡಬೇಕಾದ್ದಿಲ್ಲ, ಆದ್ದರಿಂದ ಅವನ ಪರಿಚಯವೂ ಬೇಕಿಲ್ಲ. ಆದರೂ ಹೆದ್ದಾರಿ ನಿರಪಾಯವಾಗಲಿಲ್ಲ. 2022ರ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ರಾಯಚೂರು ಕಡೆಯ ಕೂಲಿ ಕಾರ್ಮಿಕರನ್ನು ಬೆಂಗಳೂರಿಗೆ ಕರೆತರುತ್ತಿದ್ದ ಕ್ರೂಸರ್ ವಾಹನಕ್ಕೂ ಲಾರಿಗೂ ಅಪಘಾತವಾಗಿ 9 ಮಂದಿ ಸತ್ತರು. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರ ಲೆಕ್ಕ 1,68,491.

ಇಂಥ ಕಡೆ ಮೊದಲು ಬಂದು ನಿಲ್ಲಬಹುದಾದವರಲ್ಲಿ ಸರಕು ಗಾಡಿಯ ಡ್ರೈವರುಗಳೇ ಹೆಚ್ಚು, ಅವೇಳೆಯಲ್ಲಿ ರಸ್ತೆಯಲ್ಲಿರುವವರೂ ಅವರೇ. ಗಾಯಾಳುವನ್ನು ಗಾಡಿಗೆ ಹಾಕಿಕೊಂಡರೆ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಹಳೆಯದು. ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗೆ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರು ತಕ್ಷಣ ಹಿಂತಿರುಗಬಹುದು, ಹೆಸರು ವಿಳಾಸ ಹೇಳುವಂತೆ ಯಾರೂ ಒತ್ತಾಯಿಸುವಂತಿಲ್ಲ. ಮುಂದೆ ಚೆಕಿಂಗ್ ಇದೆ ಎಂಬ ಸುದ್ದಿ ಗಾಡಿಯಿಂದ ಗಾಡಿಗೆ ತಲುಪಿದಷ್ಟು ವೇಗವಾಗಿ ಈ ಸುದ್ದಿ ಸ್ಟ್ಯಾಂಡುಗಳನ್ನು ತಲುಪಿಲ್ಲ.