ಬಸವನಗುಡಿ ಮೊದಲೋ, ಬಳೇಪೇಟೆ ಮೊದಲೋ?

ಗ್ರಂಥಾಲಯದ ಸದಸ್ಯರ ಪಟ್ಟಿಯಲ್ಲಿ ‘ಬಡಾವಣೆ’ ಎಂಬ ಕಾಲಂನ ಹೆಡರ್ ಮೇಲೆ ಕ್ಲಿಕ್ ಮಾಡಿ ನೋಡಿ. ಹಲವು ತಂತ್ರಾಂಶಗಳಲ್ಲಿ ಬಳೇಪೇಟೆ ಮೇಲೆ, ಬಸವನಗುಡಿ ಕೆಳಗೆ ಬರುತ್ತದೆ. ಅಕ್ಷರಮಾಲೆ ಬಾಯಿಪಾಠ ಮಾಡಿದವರಿಗೆ ಇದು ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ವ, ಶ, ಷ, ಸ, ಹ ಎಲ್ಲ ಆದಮೇಲೆ ತಾನೆ ಳ ಬರುವುದು? ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಳ ಅಕ್ಷರದ ಸಂಕೇತ 0ಸಿಬಿ3. ಲ ಆದ ಕೂಡಲೇ, ವ ಬರುವ ಮೊದಲೇ ಅದರ ಜಾಗ. ಸ ಇರುವುದು 0ಸಿಬಿ8ರಲ್ಲಿ. ಹಲವು ಭಾರತೀಯ ಲಿಪಿಗಳನ್ನು ಒಂದೇ ಅಚ್ಚಿಗೆ ಹೊಂದಿಸಿದ್ದರ ಫಲ ಇದು. ಬರೀ ಸಂಕೇತ ನೋಡಿ ಜೋಡಿಸುವ ಪ್ರೋಗ್ರಾಂ ಬಳೇಪೇಟೆಯನ್ನು ಮುಂದೆ ತಂದು ಕೂರಿಸುತ್ತದೆ.

1915ರಲ್ಲಿ ಹುಟ್ಟಿ, ಎಂಟು ಸಂಪುಟಗಳ ನಿಘಂಟು ಕೊಟ್ಟ ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಚಾಮರಾಜಪೇಟೆಯಲ್ಲಿ. ‘ನುಡಿ’ ತಂತ್ರಾಂಶ ರೂಪಿಸಿದ ಕನ್ನಡ ಗಣಕ ಪರಿಷತ್ತಿನ ನೆಲೆಯೂ ಅದೇ ಪೇಟೆ. ಅವುಗಳ ಆಸುಪಾಸಿನ ಓದುಗರಿಗೆ ಅಕಾರಾದಿ ತಪ್ಪಿದ ಪಟ್ಟಿ ಕೊಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಪರಿಹಾರಕ್ಕೆ ತಕ್ಕ ಜಾಗ ಹೆಡರ್‌ನಲ್ಲೇ ಇದೆ. ಅಲ್ಲಿ ರೈಟ್ ಕ್ಲಿಕ್ ಮಾಡಿದರೆ ‘ಅಕಾರಾದಿ ಕ್ರಮ’, ‘ಯೂನಿಕೋಡ್ ಕ್ರಮ’, ‘ಕಾಲಂ ಮರೆಮಾಡು’ ಎಂಬ ಪುಟ್ಟ ಮೆನು ತೆರೆದುಕೊಳ್ಳಬೇಕು. ಬರೆಯುವಾಗ ಮಾತ್ರ ಕೆಲವು ಸೂಕ್ಷ್ಮಗಳಿವೆ. ಜಾವಾದ ಸ್ವಿಂಗ್‌ನಲ್ಲಿ ಟೇಬಲ್ ಬೇರೆ, ಅದರ ಹೆಡರ್ ಬೇರೆ. ಟೇಬಲ್‌ಗೆ ಕಟ್ಟಿದ ಮೆನು ಹೆಡರ್ ಮೇಲೆ ಕಾಣಿಸುವುದಿಲ್ಲ. ವಿಂಡೋಸ್‌ನಲ್ಲಿ ಮೌಸಿನ ಗುಂಡಿ ಬಿಟ್ಟಾಗ ಮೆನು ಬರಬೇಕು, ಲಿನಕ್ಸ್‌ನಲ್ಲಿ ಒತ್ತಿದಾಗಲೇ. ಎರಡು ಕಡೆಯೂ ಪರೀಕ್ಷಿಸದಿದ್ದರೆ ಒಬ್ಬರ ಮನೆಯಲ್ಲಿ ನಡೆದದ್ದು ಇನ್ನೊಬ್ಬರ ಕಚೇರಿಯಲ್ಲಿ ನಡೆಯದು.

ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ಕಾಲಂನ ಸಂಖ್ಯೆ. ಬಳಸುವವರು ‘ಬಡಾವಣೆ’ಯನ್ನು ಎಳೆದು ‘ಹೆಸರು’ ಕಾಲಂನ ಎಡಕ್ಕೆ ಇಟ್ಟರೆ ತೆರೆಯ ಮೇಲೆ ಅದು ಮೊದಲನೆಯದು, ಒಳಗಿನ ಮಾಹಿತಿಯಲ್ಲಿ ಈಗಲೂ ಎರಡನೆಯದೇ. ಮೌಸ್ ತೋರಿದ ಸಂಖ್ಯೆಯನ್ನು ಒಳಗಿನ ಸಂಖ್ಯೆಗೆ ಬದಲಿಸಿಕೊಂಡೇ ಕ್ರಮದ ನಿಯಮ ಹಚ್ಚಬೇಕು. ಇಲ್ಲವಾದರೆ ಬಡಾವಣೆಗೆಂದು ಕೊಟ್ಟ ಅಕಾರಾದಿ ಹೆಸರಿಗೆ ಹೋಗಿ ಅಂಟಿಕೊಳ್ಳುತ್ತದೆ. ನಿಯಮವೇನೋ ಚಿಕ್ಕದು: ಎರಡು ಪದ ಹೋಲಿಸುವಾಗ ಳ ಅಕ್ಷರಕ್ಕೆ ಹ ಆದಮೇಲಿನ ಸ್ಥಾನ ಕೊಟ್ಟರೆ ಬಸವನಗುಡಿ ಮೇಲೆ ಬರುತ್ತದೆ.

ಮೌಸ್ ಹಿಡಿಯಲಾಗದವರಿಗೆ ಇದೇ ಮೆನು ಶಿಫ್ಟ್ ಮತ್ತು ಎಫ್10 ಕೀಲಿಗಳಿಂದಲೂ ತೆರೆಯಬೇಕು. ಒಮ್ಮೆ ಆರಿಸಿದ ಕ್ರಮವನ್ನು ಪ್ರೋಗ್ರಾಂ ನೆನಪಿಟ್ಟುಕೊಳ್ಳಬೇಕು. ಏನೂ ಆರಿಸದವರಿಗೆ ಮೊದಲಿಗೇ ಸಿಗಬೇಕಾದದ್ದು ಅಕಾರಾದಿ. ಯೂನಿಕೋಡ್ ಕ್ರಮ ಬೇಕಾದವರು ರೈಟ್ ಕ್ಲಿಕ್ ಮಾಡಿ ಪಡೆಯಲಿ.