ಒಣ ಮುಖಕ್ಕೆ ಎಂಥ ಫೇಸ್‌ವಾಶ್?

ಚಳಿಗಾಲದಲ್ಲಿ ಕಲಬುರಗಿ, ವಿಜಯಪುರದ ಕಡೆ ಮುಖ ತೊಳೆದ ಮರುಗಳಿಗೆಯೇ ಕೆನ್ನೆ ಬಿಗಿಯುತ್ತದೆ, ಮೂಗಿನ ಪಕ್ಕ ಬಿಳಿ ಹೊಟ್ಟು ಏಳುತ್ತದೆ. ಚಳಿಯಷ್ಟೇ ಅಲ್ಲ, ಸೋಪಿನ ಪಾಲೂ ಇದರಲ್ಲಿದೆ.

ಆರೋಗ್ಯವಂತ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5; ಸಾಮಾನ್ಯ ಸೋಪಿನದು 9ರಿಂದ 10. ಇಂಥ ಸೋಪು ಕೊಳೆಯ ಜೊತೆಗೆ ತೇವ ಕಾಯುವ ಜಿಡ್ಡನ್ನೂ ತೊಳೆದುಬಿಡುತ್ತದೆ. ನೊರೆ ಹೆಚ್ಚು ಬಂದಷ್ಟೂ ಮುಖ ಚೊಕ್ಕಟವಾಗುತ್ತದೆ ಎಂಬ ನಂಬಿಕೆ ತಪ್ಪು.

ಕೊಳ್ಳುವಾಗ ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ತೇವ ಕಾಯುವ ಗ್ಲಿಸರಿನ್, ಸೆರಮೈಡ್ ಇದ್ದರೆ ಒಳ್ಳೆಯದು. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಸುಗಂಧ ಇದ್ದರೆ ಬೇಡ. ಮನೆಯ ಕಡಲೆಹಿಟ್ಟೂ ಜಿಡ್ಡು ಹೀರುವಂಥದೇ, ಒಣ ಚರ್ಮಕ್ಕೆ ಒಗ್ಗುವುದಿಲ್ಲ.

ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚಿ. ಆದರೂ ಉರಿ, ಬಿರುಕು ಹೋಗದಿದ್ದರೆ ಚರ್ಮವೈದ್ಯರನ್ನು ಕಾಣಿ.