ದಮ್ಮಿನ ಮಾತ್ರೆ ಮತ್ತು ಕೀಮೋ: ಕ್ಯಾನ್ಸರ್ ವೈದ್ಯರಿಗೆ ಹೇಳಲೇಬೇಕಾದ ಸಂಗತಿ



ಜುಮಾ ನಮಾಝಿನ ಬಳಿಕ ದುವಾ ಕೇಳಿಕೊಂಡು ಬರುವವರಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮನೆಮಂದಿಯೂ ಇರುತ್ತಾರೆ. ಅವರಲ್ಲಿ ಕೆಲವರು ತಗ್ಗಿದ ದನಿಯಲ್ಲಿ ಕೇಳುವುದುಂಟು: "ಹಝ್ರತ್, ಅಬ್ಬಾರಿಗೆ ಮೊದಲಿನಿಂದಲೂ ದಮ್ಮು ಇದೆ. ಕೀಮೋ ಶುರುವಾಗಿದೆ. ದಮ್ಮಿನ ಔಷಧಿ ಕೊಡಬಹುದಾ?" ನಾವು ವೈದ್ಯರಲ್ಲ. ಔಷಧಿ ಕೊಡಿ ಎನ್ನಲೂ ಬಿಡಿ ಎನ್ನಲೂ ನಮಗೆ ಅಧಿಕಾರವಿಲ್ಲ. ಆದರೆ ಈ ಪ್ರಶ್ನೆಯನ್ನು ನಮ್ಮ ಬಳಿ ಕೇಳುವವರು ಕ್ಯಾನ್ಸರ್ ವೈದ್ಯರ ಬಳಿ ಕೇಳಿರುವುದಿಲ್ಲ. "ಅವರು ದೊಡ್ಡ ಡಾಕ್ಟರು, ಈ ಸಣ್ಣ ಮಾತ್ರೆಯ ವಿಷಯ ಯಾಕೆ" ಎಂಬ ಸಂಕೋಚ. ಆ ಸಣ್ಣ ಮಾತ್ರೆಯ ಕುರಿತೇ ಈ ಲೇಖನ.

ಮೊದಲು ಪಂಪಿನ ಮಾತು ಮುಗಿಸೋಣ. ಸಾಲ್ಬುಟಮಾಲ್, ಬುಡೆಸೊನೈಡ್ ಮುಂತಾದ ಇನ್‌ಹೇಲರ್‌ಗಳ ಔಷಧಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಸಾಮಾನ್ಯ ಪ್ರಮಾಣದಲ್ಲಿ ಎಳೆದುಕೊಂಡರೆ ಕೀಮೋ ಔಷಧಿಗಳೊಂದಿಗೆ ಅದರ ತಿಕ್ಕಾಟ ಅಪರೂಪ. ಹೆದರಿ ಪಂಪನ್ನು ತಾವಾಗಿಯೇ ನಿಲ್ಲಿಸುವುದು ತಪ್ಪು. ಉಬ್ಬಸ ಕೆರಳಿದರೆ ಮುಂದಿನ ಕೀಮೋವನ್ನೇ ಮುಂದೂಡಬೇಕಾದೀತು. ಸ್ಟಿರಾಯ್ಡ್ ಪಂಪ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಕೀಮೋದಿಂದ ಬಾಯಿಹುಣ್ಣಾಗುವ ದಿನಗಳಲ್ಲಂತೂ ಇದನ್ನು ಮರೆಯಬಾರದು.

ತೊಡಕು ಇರುವುದು ಮಾತ್ರೆಯಲ್ಲಿ. ನಮ್ಮ ಊರುಗಳಲ್ಲಿ ದಮ್ಮಿನವರಿಗೆ ಬಹಳ ಪರಿಚಿತವಾದ ಡೆರಿಫಿಲಿನ್‌ನಂಥ ಮಾತ್ರೆಗಳಲ್ಲಿ ಥಿಯೋಫಿಲಿನ್ ಎಂಬ ಔಷಧಿ ಇದೆ. 1888ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಇದನ್ನು ಚಹಾ ಎಲೆಯಿಂದ ಬೇರ್ಪಡಿಸಿದರು. ಚಹಾ ಕಾಫಿಯ ಕೆಫೀನಿಗೆ ಇದು ಹತ್ತಿರದ ಸಂಬಂಧಿ. ಅಗ್ಗದ, ಹಳೆಯ, ಕೆಲಸ ಮಾಡುವ ಔಷಧಿ. ಆದರೆ ಗುಣ ಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಚಿಕ್ಕದು. ರಕ್ತದ ಪ್ರತಿ ಮಿಲಿಲೀಟರಿನಲ್ಲಿ 10ರಿಂದ 20 ಮೈಕ್ರೋಗ್ರಾಂ ಇರಬೇಕೆಂಬುದು ಹಳೆಯ ಲೆಕ್ಕ. ಅದಕ್ಕಿಂತ ಕಡಿಮೆಯೇ ಸಾಕೆಂದು ಈಗ ಅನೇಕ ವೈದ್ಯರು ಹೇಳುತ್ತಾರೆ. 20 ದಾಟಿದರೆ ವಿಷದ ಕಡೆಗೆ ಹೆಜ್ಜೆ. ಈ ಔಷಧಿಯನ್ನು ಕರಗಿಸಿ ಹೊರಹಾಕುವ ಕೆಲಸ ಮುಖ್ಯವಾಗಿ ಲಿವರಿನದು. ಆ ಕೆಲಸ ನಿಧಾನವಾದರೆ, ನಿನ್ನೆಯವರೆಗೆ ಸರಿಯಾಗಿದ್ದ ಅದೇ ಮಾತ್ರೆ ಇಂದು ರಕ್ತದಲ್ಲಿ ಹೆಚ್ಚಾಗಿ ನಿಲ್ಲುತ್ತದೆ.

ಇನ್ನು ಮೆಥೊಟ್ರೆಕ್ಸೇಟ್. ರಕ್ತದ ಕ್ಯಾನ್ಸರ್, ಲಿಂಫೋಮಾ, ಕೆಲವು ಮೂಳೆ ಕ್ಯಾನ್ಸರ್‌ಗಳಿಗೆ ಕೊಡುವ ಕೀಮೋ ಔಷಧಿ ಇದು. ಸಂಧಿವಾತಕ್ಕೆ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ನುಂಗುವವರೂ ಇದ್ದಾರೆ. ಇದು ಥಿಯೋಫಿಲಿನ್ ದೇಹದಿಂದ ಹೊರಹೋಗುವುದನ್ನು ನಿಧಾನಗೊಳಿಸಬಲ್ಲದು. ಎರಡೂ ಒಟ್ಟಿಗೆ ನಡೆಯುವಾಗ ರಕ್ತದಲ್ಲಿ ಥಿಯೋಫಿಲಿನ್ ಮಟ್ಟ ನೋಡಿಕೊಳ್ಳಬೇಕೆಂದು ಔಷಧಿಯ ಮಾಹಿತಿಪತ್ರದಲ್ಲೇ ಎಚ್ಚರಿಕೆ ಇದೆ. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಆದಾಗ ಮನೆಯವರಿಗೆ ಗೊತ್ತಾಗುವುದೇ ಕಷ್ಟ. ಥಿಯೋಫಿಲಿನ್ ಹೆಚ್ಚಾದುದರ ಲಕ್ಷಣಗಳೇನು? ಹೊಟ್ಟೆ ತೊಳಸುವುದು, ವಾಂತಿ, ಕೈನಡುಕ, ಎದೆ ಡವಡವ, ನಿದ್ರೆ ಬಾರದಿರುವುದು. ಕೀಮೋ ಆದವರಿಗೆ ವಾಂತಿ ಸಹಜ ತಾನೇ ಎಂದು ಎಲ್ಲರೂ ಸುಮ್ಮನಿರುತ್ತಾರೆ; ವಾಂತಿ ಮಾತ್ರೆ ಕೊಡುತ್ತಾರೆ, ದಮ್ಮಿನ ಮಾತ್ರೆಯನ್ನೂ ಮುಂದುವರಿಸುತ್ತಾರೆ. ಮಟ್ಟ ಇನ್ನೂ ಏರಿದರೆ ಹೃದಯದ ಬಡಿತ ತಪ್ಪಬಹುದು, ಫಿಟ್ಸ್ ಬರಬಹುದು. ಕೆಲವೊಮ್ಮೆ ವಾಂತಿಯಂಥ ಮುನ್ಸೂಚನೆ ಇಲ್ಲದೆಯೇ ಫಿಟ್ಸ್ ಬರುವುದುಂಟು.

ಬೀಡಿಗೂ ಇದರಲ್ಲಿ ಪಾತ್ರವಿದೆ ಎಂದರೆ ಆಶ್ಚರ್ಯವಾದೀತು. ತಂಬಾಕಿನ ಹೊಗೆ ಲಿವರ್ ಥಿಯೋಫಿಲಿನ್ ಅನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಹಾಗಾಗಿ ಬೀಡಿ ಸಿಗರೇಟು ಸೇದುವವರಿಗೆ ಹೆಚ್ಚು ಮಾತ್ರೆ ಬೇಕಾಗಿರುತ್ತದೆ. ಕ್ಯಾನ್ಸರ್ ಎಂದು ತಿಳಿದ ದಿನವೇ ಬೀಡಿ ಬಿಡುವವರಿದ್ದಾರೆ. ಬಿಟ್ಟದ್ದು ಬಹಳ ಒಳ್ಳೆಯದೇ, ಆದರೆ ಹಳೆಯ ಲೆಕ್ಕದ ಮಾತ್ರೆ ಈಗ ಹೆಚ್ಚಾಗುತ್ತದೆ. ಕೀಮೋ ನಂತರ ಜ್ವರ ಬಂದಾಗ ಬರೆಯುವ ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಕೂಡ ಥಿಯೋಫಿಲಿನ್ ಮಟ್ಟವನ್ನು ಏರಿಸುತ್ತದೆ. ಜುಮಾ ಬಳಿಯ ಆ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇಲ್ಲದಿರುವುದು ಇದಕ್ಕೇ.

ಕೀಮೋ ನಡೆಯುವಾಗ ಬರುವ ಉಸಿರಾಟದ ತೊಂದರೆಯೆಲ್ಲ ದಮ್ಮಲ್ಲ ಎಂಬುದೂ ತಿಳಿದಿರಲಿ. ಮೆಥೊಟ್ರೆಕ್ಸೇಟ್ ಮತ್ತು ಬ್ಲಿಯೊಮೈಸಿನ್ ಕೆಲವರಲ್ಲಿ ಶ್ವಾಸಕೋಶಕ್ಕೇ ಹಾನಿ ಮಾಡುತ್ತವೆ. ಒಣ ಕೆಮ್ಮು, ಏದುಸಿರು, ಕೆಲವೊಮ್ಮೆ ಜ್ವರ. "ಅಮ್ಮಿಗೆ ಹಳೆಯ ದಮ್ಮು ಮತ್ತೆ ಬಂತು" ಎಂದು ಪಂಪ್ ಎಳೆಸುತ್ತಾ ವಾರ ಕಳೆದರೆ ಕೈಮೀರಬಹುದು. ಇದಕ್ಕೆ ತಿರುವುಮುರುವಾದದ್ದೂ ಇದೆ. ವಾಂತಿ ತಡೆಯಲು ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಒಂದು ಸ್ಟಿರಾಯ್ಡ್, ಆ ನಾಲ್ಕು ದಿನ ದಮ್ಮೂ ಹಗುರಾಗಬಹುದು. ಗುಣವಾಯಿತೆಂದು ಪಂಪ್ ಬಿಟ್ಟರೆ ಸ್ಟಿರಾಯ್ಡ್ ನಿಂತ ಮೇಲೆ ಉಬ್ಬಸ ಹಿಂತಿರುಗುತ್ತದೆ.

ರಮಝಾನಿನಲ್ಲಿ ಉಪವಾಸಕ್ಕಾಗಿ ಈ ಮಾತ್ರೆಗಳ ಹೊತ್ತನ್ನು ತಾವೇ ಬದಲಿಸಿಕೊಳ್ಳುವವರಿದ್ದಾರೆ. ಮೆಥೊಟ್ರೆಕ್ಸೇಟ್ ಹೊರಹೋಗುವುದು ಕಿಡ್ನಿಯ ಮೂಲಕ. ನೀರು ಕುಡಿಯದೆ ದೇಹ ಒಣಗಿದರೆ ಅದು ಒಳಗೇ ಉಳಿದು ಅಪಾಯ ಮಾಡುತ್ತದೆ. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ. ಗುಣವಾದ ಮೇಲೆ ಕಝಾ, ಗುಣವಾಗುವ ಭರವಸೆ ಇಲ್ಲದಿದ್ದರೆ ಫಿದ್ಯಾ. ಈ ವಿಷಯದಲ್ಲಿ ಮನೆಯ ಹಿರಿಯರನ್ನು ಒಪ್ಪಿಸುವುದು ಕಷ್ಟವಾದರೆ ನಮ್ಮ ಬಳಿ ಕರೆತನ್ನಿ.

ಕೀಮೋ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ, ದಮ್ಮಿನ ಡಾಕ್ಟರು ಊರಿನಲ್ಲಿ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಆದ್ದರಿಂದ ಮುಂದಿನ ಬಾರಿ ಹೋಗುವಾಗ ಪಂಪ್, ಮಾತ್ರೆ, ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಪಟ್ಟಿ, ಕಲೌಂಜಿ ಎಣ್ಣೆ, ಲೇಹ್ಯ, ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. "ಡಾಕ್ಟರೇ, ಇದರಲ್ಲಿ ಥಿಯೋಫಿಲಿನ್ ಇದೆ. ಅಬ್ಬಾ ಬೀಡಿ ಬಿಟ್ಟು ಹದಿನೈದು ದಿನವಾಯಿತು" ಎಂದು ಹೇಳಿ. ಅವರು ರಕ್ತ ಪರೀಕ್ಷೆ ಬರೆಯಬಹುದು, ಪ್ರಮಾಣ ಇಳಿಸಬಹುದು, ಬೇರೆ ಔಷಧಿಗೆ ಬದಲಿಸಬಹುದು. ಮಧ್ಯರಾತ್ರಿ ಉಬ್ಬಸ ಜೋರಾಗಿ ಊರಿನ ಆಸ್ಪತ್ರೆಗೇ ಓಡಬೇಕಾಗಿ ಬಂದರೆ ಕೀಮೋ ಫೈಲನ್ನು ಜೊತೆಗೆ ಒಯ್ಯಿರಿ. ಕೊನೆಯ ಕೀಮೋ ಯಾವ ದಿನ ಆಯಿತು, ದಮ್ಮಿನ ಮಾತ್ರೆ ಕೊನೆಯದಾಗಿ ಎಷ್ಟು ಹೊತ್ತಿಗೆ ನುಂಗಿದರು ಎಂಬುದನ್ನು ಇಂಜೆಕ್ಷನ್ ಚುಚ್ಚುವ ಮೊದಲೇ ತಿಳಿಸಿ. ಉಬ್ಬಸಕ್ಕೆ ಹಾಕುವ ಕೆಲವು ಇಂಜೆಕ್ಷನ್‌ಗಳಲ್ಲಿ ಇರುವುದೂ ಇದೇ ಥಿಯೋಫಿಲಿನ್.